ಒಂದು ಪ್ರೋಗ್ರಾಮಿಗೆ ಮಾತ್ರ ಸುಳ್ಳು ಸಮಯ

ನಂಜನಗೂಡಿನ ಅಥವಾ ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯ ಮುಂದೆ ನಿಂತಿರುವ ಯಾವ ರೈತರನ್ನಾದರೂ ‘ಆರ್‌ಟಿಸಿ ಎಂದರೇನು?’ ಎಂದು ಕೇಳಿ. ‘ಪಹಣಿ’ ಎಂದು ತಟ್ಟನೆ ಹೇಳುತ್ತಾರೆ. ಆದರೆ ಆ ಪಹಣಿಯನ್ನು ಮುದ್ರಿಸಿಕೊಡುವ ಗಣಕದ ಒಳಗೂ ಒಂದು ಆರ್‌ಟಿಸಿ ಇದೆ! ಅದು ‘ರಿಯಲ್ ಟೈಮ್ ಕ್ಲಾಕ್’, ಅಂದರೆ ಗಣಕದ ವಿದ್ಯುತ್ ಆರಿಸಿದರೂ ಪುಟ್ಟ ಬ್ಯಾಟರಿಯ ಬಲದಿಂದ ನಡೆಯುತ್ತಲೇ ಇರುವ ಗಡಿಯಾರದ ಚಿಪ್. ಕಾಗದದ ಆರ್‌ಟಿಸಿಯ ಮೇಲೆ ಬೀಳುವ ತಾರೀಕಿಗೆ ಬೆಲೆ ಬರುವುದು ಗಣಕದ ಗಡಿಯಾರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ.

ಹೀಗಿದ್ದೂ ತಂತ್ರಾಂಶವನ್ನು ಪರೀಕ್ಷಿಸುವವರು ಅದಕ್ಕೆ ಸುಳ್ಳು ಸಮಯವನ್ನು ಹೇಳಲೇಬೇಕಾಗುತ್ತದೆ. ಮುಂದಿನ ವರ್ಷ, ಫೆಬ್ರವರಿ 29ರಂದು, ನೋಟಿಸಿನ ಅವಧಿ ಮುಗಿದ ಮರುದಿನ ಪ್ರೋಗ್ರಾಮ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇಂದೇ ತಿಳಿಯಲು ಬೇರೆ ದಾರಿ ಇಲ್ಲ. ಆದರೆ ಗಣಕದ ಗಡಿಯಾರ ಒಬ್ಬರ ಸ್ವತ್ತಲ್ಲ. ಅದರೊಳಗಿನ ನೂರಾರು ಪ್ರೋಗ್ರಾಮ್‌ಗಳು ಅದನ್ನೇ ನಂಬಿವೆ. ಎಲ್ಲರ ಗಡಿಯಾರವನ್ನು ಕೆಡಿಸದೆ ಒಂದೇ ಪ್ರೋಗ್ರಾಮಿಗೆ ಬೇರೆ ಸಮಯವನ್ನು ತೋರಿಸುವುದು ಹೇಗೆ? ಈ ಉಪಾಯದ ಚರಿತ್ರೆ ಕುತೂಹಲಕರವಾಗಿದೆ. ಅದನ್ನು ಗಣಕ ಬರುವುದಕ್ಕೆ ಬಹಳ ಮೊದಲು, ನಂಜನಗೂಡಿನ ರೈಲು ನಿಲ್ದಾಣದಿಂದಲೇ ಆರಂಭಿಸೋಣ.

ಒಂದು ಊರು, ಎರಡು ಗಡಿಯಾರ

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಆಗ ‘ಭಾರತೀಯ ಪ್ರಮಾಣಿತ ಕಾಲ’ ಎಂಬುದು ಇರಲಿಲ್ಲ. ಪ್ರತಿ ಊರಿಗೂ ಅದರದೇ ಮಧ್ಯಾಹ್ನ. ಸೂರ್ಯ ನೆತ್ತಿಯ ಮೇಲೆ ಬಂದಾಗ ಹನ್ನೆರಡು ಗಂಟೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಂಜನಗೂಡಿನ ರೇಖಾಂಶ ಸುಮಾರು 76.68 ಡಿಗ್ರಿ ಪೂರ್ವ, ತಿ. ನರಸೀಪುರದ್ದು ಸುಮಾರು 76.9 ಡಿಗ್ರಿ. ಲೆಕ್ಕ ಹಾಕಿ ನೋಡಿ: ನರಸೀಪುರದ ಮಧ್ಯಾಹ್ನ ನಂಜನಗೂಡಿನದಕ್ಕಿಂತ ಸುಮಾರು 53 ಸೆಕೆಂಡು ಮೊದಲೇ ಆಗುತ್ತದೆ. ಎತ್ತಿನ ಗಾಡಿಯಲ್ಲಿ ಓಡಾಡುವವರಿಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ.

ರೈಲುಗಳಿಗೆ ಮಾತ್ರ ಹೀಗೆ ಊರಿಗೊಂದು ಸಮಯ ಸಾಗದು. ಆದ್ದರಿಂದ ಭಾರತದ ರೈಲುಗಳು ಮದ್ರಾಸಿನ ಕಾಲವನ್ನು ಅನುಸರಿಸುತ್ತಿದ್ದವು. ಅದು ಗ್ರೀನಿಚ್ ಕಾಲಕ್ಕಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದಿತ್ತು; ನಂಜನಗೂಡಿನ ಸೌರಕಾಲಕ್ಕಿಂತ ಸುಮಾರು 14 ನಿಮಿಷ ಮುಂದೆ. ರೈಲು ಹಿಡಿಯುವವರು ನಿಲ್ದಾಣದ ಗಡಿಯಾರವನ್ನು ನೋಡಬೇಕು, ಹೊಲಕ್ಕೆ ಹೋಗುವವರು ಸೂರ್ಯನನ್ನು ನೋಡಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಗಡಿಯಾರ. ಯಾರೂ ಇನ್ನೊಬ್ಬರದನ್ನು ತಿರುಗಿಸಲು ಹೋಗಲಿಲ್ಲ. 1906ರ ಜನವರಿ 1ರಂದು 82.5 ಡಿಗ್ರಿ ರೇಖಾಂಶದ ಪ್ರಮಾಣಿತ ಕಾಲ ಜಾರಿಗೆ ಬಂದಿತು. ಬೊಂಬಾಯಿ ಮತ್ತು ಕಲ್ಕತ್ತ ನಗರಗಳು ಮತ್ತೂ ಕೆಲವು ದಶಕ ತಮ್ಮ ಸಮಯವನ್ನೇ ಹಿಡಿದುಕೊಂಡಿದ್ದವು. ಕೊನೆಗೆ ದೇಶಕ್ಕೆಲ್ಲ ಒಂದೇ ಗಡಿಯಾರವಾಯಿತು. ಇಂದು ನಂಜನಗೂಡಿನ ಸರಾಸರಿ ಮಧ್ಯಾಹ್ನ ನಮ್ಮ ಕೈಗಡಿಯಾರದಲ್ಲಿ 12 ಗಂಟೆ 23 ನಿಮಿಷಕ್ಕೆ ಆಗುತ್ತದೆ.

ಗಣಕದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಮೊದಲಿನಿಂದಲೂ ಎಲ್ಲರಿಗೂ ಒಂದೇ ಗಡಿಯಾರ. ಒಬ್ಬರಿಗೆ ಬೇರೆ ಗಡಿಯಾರ ಬೇಕಾದಾಗಲೇ ಕಷ್ಟ ಶುರುವಾದದ್ದು.

ಗಣಕಕ್ಕೆ ಗಂಟೆ ಎಷ್ಟೆಂದು ಹೇಳುವವರು ಯಾರು?

1984ರಲ್ಲಿ ಬಂದ ಐಬಿಎಂ ಪಿಸಿ-ಎಟಿ ಗಣಕದಲ್ಲಿ ಮೋಟರೋಲಾ ಸಂಸ್ಥೆಯ ಎಂಸಿ 146818 ಎಂಬ ಗಡಿಯಾರದ ಚಿಪ್ ಇತ್ತು. ಇಂಥ ಚಿಪ್‌ಗಳ ಜೊತೆಗಿರುವ ಕ್ವಾರ್ಟ್ಸ್ ಹರಳು ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಇದು 2ರ 15ನೇ ಘಾತ. ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ. ಆ ಚಿಪ್‌ನಲ್ಲಿ ವರ್ಷಕ್ಕೆ ಎರಡೇ ಅಂಕಿಗಳ ಜಾಗವಿತ್ತು ಎಂಬುದನ್ನು ನೆನಪಿಡಿ.

ಗಣಕವನ್ನು ಚಾಲೂ ಮಾಡಿದಾಗ ಕಾರ್ಯಾಚರಣ ವ್ಯವಸ್ಥೆಯು ಈ ಚಿಪ್ಪನ್ನು ಒಮ್ಮೆ ಕೇಳಿ ಸಮಯವನ್ನು ತಿಳಿದುಕೊಳ್ಳುತ್ತದೆ. ಆ ಮೇಲೆ ತಾನೇ ಎಣಿಸುತ್ತ ಹೋಗುತ್ತದೆ. ಇದು ‘ವ್ಯವಸ್ಥೆಯ ಗಡಿಯಾರ’. ಯೂನಿಕ್ಸ್ ಜಾತಿಯ ವ್ಯವಸ್ಥೆಗಳಲ್ಲಿ ಈ ಎಣಿಕೆ 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ, ಅಂದರೆ ನಮ್ಮ ಬೆಳಗಿನ 5.30ರಿಂದ, ಕಳೆದ ಸೆಕೆಂಡುಗಳು.

ಪ್ರೋಗ್ರಾಮ್ ನೇರವಾಗಿ ಹರಳನ್ನು ನೋಡುವುದಿಲ್ಲ. ‘ಈಗ ಸಮಯ ಎಷ್ಟು?’ ಎಂದು ಪ್ರಶ್ನೆ ಕೇಳುತ್ತದೆ. ಆ ಪ್ರಶ್ನೆ ಒಂದು ಲೈಬ್ರರಿಯ ಮೂಲಕ ವ್ಯವಸ್ಥೆಯ ತಿರುಳಿಗೆ ಹೋಗುತ್ತದೆ, ಉತ್ತರ ಅದೇ ದಾರಿಯಲ್ಲಿ ಮರಳುತ್ತದೆ. ಪ್ರೋಗ್ರಾಮಿನ ಪಾಲಿಗೆ ಸಮಯವೆಂದರೆ ಯಾರೋ ಕೊಟ್ಟ ಉತ್ತರ, ಅಷ್ಟೆ. ಉತ್ತರ ಬರುವ ದಾರಿಯಲ್ಲಿ ನಾವು ನಿಂತರೆ ಬೇರೆ ಉತ್ತರ ಕೊಡಬಹುದು. ಇಡೀ ಉಪಾಯದ ಬೀಜ ಇಷ್ಟೇ.

1999ರ ಡಿಸೆಂಬರಿನ ಒಂದು ಪಾಠ

ಇದು ತಿಳಿಯದೆ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಧ್ಯಾಪಕ. ಎಲ್ಲೆಡೆ ‘ವೈ ಟು ಕೆ’ ಭಯ. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ತಂತ್ರಾಂಶಗಳಿಗೆ 2000 ಎಂಬುದು ‘00’ ಆಗಿ, 1900ರಂತೆ ಕಾಣುವ ಅಪಾಯ. ನಮ್ಮ ವಿಭಾಗದಲ್ಲಿ ಆಂತರಿಕ ಪರೀಕ್ಷೆಯ ಅಂಕಗಳನ್ನು ದಾಖಲಿಸಲು ನಾನೇ ಬರೆದ ಪುಟ್ಟ ಪ್ರೋಗ್ರಾಮ್ ಒಂದಿತ್ತು. ಅದನ್ನು ಪರೀಕ್ಷಿಸಲು ಒಂದು ಗಣಕದ ತಾರೀಕನ್ನೇ 2000ದ ಜನವರಿಗೆ ತಿರುಗಿಸಿದೆ. ಬಾಯಿಗೆ ಬಂದ ಅಂಕಗಳನ್ನು ತುಂಬಿದೆ, ಉಳಿಸಿದೆ, ಮುದ್ರಿಸಿದೆ. ಎಲ್ಲವೂ ಸರಿಯಾಗಿತ್ತು. ತಾರೀಕನ್ನು ಹಿಂದಕ್ಕೆ ತಿರುಗಿಸಿ ಮನೆಗೆ ಹೋದೆ.

ಮುಂದಿನ ವಾರ ಸಹೋದ್ಯೋಗಿಗಳು ಇನ್ನೊಂದು ಗಣಕದಲ್ಲಿ ನಿಜವಾದ ಅಂಕಗಳನ್ನು ತುಂಬಿದರು. ಸಂಜೆ ಕಡತಗಳನ್ನು ನಕಲು ಮಾಡುವ ಕೆಲಸ ಎಂದಿನಂತೆ ನಡೆಯಿತು. ಒಂದೇ ಹೆಸರಿನ ಎರಡು ಕಡತಗಳಿದ್ದರೆ ಯಾವುದರ ತಾರೀಕು ಹೊಸದೋ ಅದನ್ನು ಉಳಿಸುವುದು ಅದರ ನಿಯಮ. ನನ್ನ ಸುಳ್ಳು ಕಡತದ ಮೇಲೆ 2000ದ ತಾರೀಕಿತ್ತು, ನಿಜವಾದದ್ದರ ಮೇಲೆ 1999. ಸುಳ್ಳೇ ಗೆದ್ದಿತು! ನಿಜವಾದ ಅಂಕಗಳ ಮೇಲೆ ನನ್ನ ಕಟ್ಟುಕಥೆಯ ಅಂಕಗಳು ಕುಳಿತವು. ಕಾಗದದ ಅಂಕಪಟ್ಟಿ ಬೀರುವಿನಲ್ಲಿದ್ದುದರಿಂದ ಮಕ್ಕಳು ಬಚಾವಾದರು. ಎಲ್ಲವನ್ನೂ ಮತ್ತೆ ತುಂಬಲು ನಮಗೆ ಎರಡು ದಿನ ಹಿಡಿಯಿತು.

ಸಹಾಯಕ್ಕೆ ಬಂದಿದ್ದ ನರಸೀಪುರದ ಕಡೆಯ ವಿದ್ಯಾರ್ಥಿಯೊಬ್ಬ ಅಂಕಗಳನ್ನು ಓದಿ ಹೇಳುತ್ತ ಹೇಳುತ್ತ ನಡುವೆ ಕೇಳಿದ: “ಸಾರ್, ಆ ಒಂದು ಪ್ರೋಗ್ರಾಮಿಗೆ ತಾನೆ ಸುಳ್ಳು ಹೇಳಬೇಕಾಗಿದ್ದು? ಇಡೀ ಮಷೀನಿಗೆ ಯಾಕೆ ಹೇಳಿದ್ರಿ?” ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅದೇ ಪ್ರಶ್ನೆಗೆ ದೊಡ್ಡ ಗಣಕಗಳ ಜಗತ್ತು ಆ ವೇಳೆಗಾಗಲೇ ಉತ್ತರ ಕಂಡುಕೊಂಡಿತ್ತು.

ದೊಡ್ಡ ಯಂತ್ರಗಳಲ್ಲಿ ಮೊದಲ ಉಪಾಯ

1990ರ ದಶಕದಲ್ಲಿ ಬ್ಯಾಂಕು, ವಿಮೆ, ಸರ್ಕಾರಗಳ ಲೆಕ್ಕಪತ್ರ ನಡೆಯುತ್ತಿದ್ದುದು ಮೇನ್‌ಫ್ರೇಮ್ ಗಣಕಗಳಲ್ಲಿ. ಕೋಬಾಲ್ ಭಾಷೆಯ ಕೋಟ್ಯಂತರ ಸಾಲುಗಳನ್ನು 2000ಕ್ಕೆ ಮೊದಲು ತಿದ್ದಬೇಕಾಗಿತ್ತು. ಬೆಂಗಳೂರಿನ ಇನ್ಫೋಸಿಸ್, ವಿಪ್ರೋ ಮುಂತಾದ ಭಾರತೀಯ ಕಂಪನಿಗಳು ಈ ಕೆಲಸದಲ್ಲಿ ದೊಡ್ಡ ಪಾಲನ್ನು ಪಡೆದವು. ತಿದ್ದಿದ ಮೇಲೆ ಪರೀಕ್ಷಿಸಬೇಕಲ್ಲ! 1999ರ ಡಿಸೆಂಬರ್ 31ರಿಂದ ಜನವರಿ 1ಕ್ಕೆ ದಾಟುವುದು ಒಂದು ಪರೀಕ್ಷೆ. 2000ದ ಫೆಬ್ರವರಿ 29 ಇನ್ನೊಂದು. ಶತಮಾನದ ವರ್ಷಗಳು ಸಾಮಾನ್ಯವಾಗಿ ಅಧಿಕ ವರ್ಷಗಳಲ್ಲ, ಆದರೆ 400ರಿಂದ ಭಾಗವಾಗುವ 2000 ಅಧಿಕ ವರ್ಷ. ಅರ್ಧ ನಿಯಮವನ್ನಷ್ಟೇ ತಿಳಿದ ಪ್ರೋಗ್ರಾಮ್ ಇಲ್ಲಿ ಎಡವುತ್ತದೆ.

ಇಡೀ ಮೇನ್‌ಫ್ರೇಮಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದರೆ ಏನಾಗುತ್ತದೆ? ಬಳಕೆದಾರರ ಗುಪ್ತಪದಗಳ ಅವಧಿ ಮುಗಿಯುತ್ತದೆ. ಬಾಡಿಗೆ ತಂತ್ರಾಂಶಗಳ ಪರವಾನಗಿ ಮುಗಿಯುತ್ತದೆ. ‘ಇಂಥ ದಿನದವರೆಗೆ ಕಾಯ್ದಿಡಿ’ ಎಂದು ಗುರುತು ಹಾಕಿದ ಟೇಪುಗಳನ್ನು ವ್ಯವಸ್ಥೆಯು ಅವಧಿ ಮೀರಿದವೆಂದು ತಿಳಿದು ಮರುಬಳಕೆಗೆ ಬಿಟ್ಟುಬಿಡುತ್ತದೆ. ಅದರಲ್ಲಿದ್ದ ಮಾಹಿತಿ ಅಳಿಸಿಹೋಗುತ್ತದೆ. ನನ್ನ ಅಂಕಪಟ್ಟಿಯ ಕಥೆಯೇ, ಆದರೆ ಬ್ಯಾಂಕಿನ ಗಾತ್ರದಲ್ಲಿ. ಯಂತ್ರವನ್ನೇ ತಾರ್ಕಿಕವಾಗಿ ಭಾಗ ಮಾಡಿ, ಒಂದು ಭಾಗಕ್ಕೆ ಮಾತ್ರ ಮುಂದಿನ ತಾರೀಕನ್ನು ಕೊಟ್ಟು ನಡೆಸುವ ದಾರಿ ಇತ್ತು. ಅದು ಸುರಕ್ಷಿತ, ಆದರೆ ಬಲು ದುಬಾರಿ.

ಹೀಗಾಗಿ ಒಂದು ಕೆಲಸಕ್ಕೆ ಮಾತ್ರ ಸುಳ್ಳು ತಾರೀಕನ್ನು ಕೊಡುವ ತಂತ್ರಾಂಶಗಳು ಮಾರುಕಟ್ಟೆಗೆ ಬಂದವು. ಮೇನ್‌ವೇರ್ ಸಂಸ್ಥೆಯ ‘ಅವರ್‌ಗ್ಲಾಸ್ 2000’, ಇಸೋಗಾನ್ ಸಂಸ್ಥೆಯ ‘ಟಿಕ್‌ಟಾಕ್’ ಇವುಗಳಲ್ಲಿ ಹೆಸರಾದವು. (ಇಂದಿನ ವಿಡಿಯೋ ಆ್ಯಪ್‌ಗೂ ಇದಕ್ಕೂ ಸಂಬಂಧವಿಲ್ಲ.) ಐಬಿಎಂ ವ್ಯವಸ್ಥೆಯಲ್ಲಿ ಸಮಯವನ್ನು ಕೇಳುವ ಕರೆಗೆ 11ನೇ ಸಂಖ್ಯೆ ಇತ್ತು. ಈ ತಂತ್ರಾಂಶಗಳು ಆ ಕರೆಯ ದಾರಿಯಲ್ಲಿ ಕಾಯುತ್ತಿದ್ದವು. ಕೇಳಿದವರು ಯಾರು ಎಂದು ನೋಡಿ, ಪಟ್ಟಿಯಲ್ಲಿದ್ದ ಕೆಲಸಕ್ಕೆ ಮಾತ್ರ ಬದಲಿಸಿದ ತಾರೀಕು, ಉಳಿದವರಿಗೆಲ್ಲ ನಿಜ. ಒಂದು ಕೊರತೆಯೂ ಇತ್ತು. ಗಡಿಯಾರವನ್ನು ನೇರವಾಗಿ ಓದುವ ಯಂತ್ರಾದೇಶವೊಂದು ಈ ಗಣಕಗಳಲ್ಲಿತ್ತು. ಅದನ್ನು ಬಳಸಿದ ಪ್ರೋಗ್ರಾಮ್ ಯಾರನ್ನೂ ಕೇಳುತ್ತಿರಲಿಲ್ಲ. ಕೇಳದವರಿಗೆ ಸುಳ್ಳು ಹೇಳುವುದೆಂತು?

ಯೂನಿಕ್ಸಿನಲ್ಲಿ ನಡುವೆ ನಿಂತ ಲೈಬ್ರರಿ

ಸಾಮಾನ್ಯರಿಗೂ ಈ ಉಪಾಯ ಎಟುಕಿದ್ದು ಯೂನಿಕ್ಸ್ ಮತ್ತು ಲಿನಕ್ಸ್‌ಗಳಲ್ಲಿ. ಅಲ್ಲಿ ಪ್ರೋಗ್ರಾಮ್‌ಗಳು ಸಾಮಾನ್ಯ ಕೆಲಸಗಳಿಗೆ ಹಂಚಿಕೆಯ ಲೈಬ್ರರಿಯನ್ನು ಬಳಸುತ್ತವೆ. ಪ್ರೋಗ್ರಾಮ್ ಶುರುವಾಗುವಾಗ ‘ಲೋಡರ್’ ಎಂಬುದು ‘ಸಮಯ ಕೇಳುವ ಕಾರ್ಯ ಎಲ್ಲಿದೆ?’ ಎಂದು ಹುಡುಕಿ ಜೋಡಿಸುತ್ತದೆ. ‘ಎಲ್‌ಡಿ ಪ್ರೀಲೋಡ್’ ಎಂಬ ಪರಿಸರ ಚರದಲ್ಲಿ ನಮ್ಮದೊಂದು ಲೈಬ್ರರಿಯ ಹೆಸರನ್ನು ಬರೆದರೆ ಲೋಡರ್ ಮೊದಲು ನಮ್ಮದರಲ್ಲೇ ಹುಡುಕುತ್ತದೆ. ನಾವು ಅದೇ ಹೆಸರಿನ ಕಾರ್ಯವನ್ನು ಬರೆದಿಟ್ಟರಾಯಿತು. ಅದು ನಿಜವಾದ ಸಮಯವನ್ನು ಕೇಳಿ ತಿಳಿದು, ಬೇಕಾದಷ್ಟು ಕೂಡಿಸಿ ಅಥವಾ ಕಳೆದು, ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಪ್ರೋಗ್ರಾಮಿನ ಒಂದಕ್ಷರವನ್ನೂ ತಿದ್ದಬೇಕಿಲ್ಲ. ಪಕ್ಕದ ಪ್ರೋಗ್ರಾಮಿಗೆ ಇದರ ಸುಳಿವೂ ಇರುವುದಿಲ್ಲ.

ಈ ತತ್ವದ ಮೇಲೆ ಜರ್ಮನಿಯ ವೋಲ್ಫ್‌ಗಾಂಗ್ ಹೊಮ್ಮೆಲ್ 2000ದ ದಶಕದಲ್ಲಿ ಬರೆದ ‘ಲಿಬ್‌ಫೇಕ್‌ಟೈಮ್’ ಇಂದು ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಲಭ್ಯವಿದೆ. ವಿಂಡೋಸ್‌ನಲ್ಲಿ ಇಂಥದೇ ಕೆಲಸ ಮಾಡುವ ‘ರನ್‌ಆ್ಯಸ್‌ಡೇಟ್’ ಇದೆ. ನನ್ನ ಶಿಷ್ಯನ ಪ್ರಶ್ನೆಗೆ ಇವೇ ಉತ್ತರ.

ಮೂವತ್ತು ದಿನ ಮೂವತ್ತು ನಿಮಿಷದಲ್ಲಿ

ಇದು ಯಾವ ಬಗೆಯ ಕೆಲಸಕ್ಕೆ ಬೇಕು? ಮತ್ತೆ ಪಹಣಿಗೇ ಬರೋಣ. ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ರೂಪಿಸಿದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. 2002ರ ವೇಳೆಗೆ ನಂಜನಗೂಡು, ತಿ. ನರಸೀಪುರಗಳೂ ಸೇರಿದಂತೆ ಅಂದಿನ 177 ತಾಲ್ಲೂಕುಗಳಲ್ಲಿ 15 ರೂಪಾಯಿಗೆ ಗಣಕದ ಪಹಣಿ ಸಿಗುವಂತಾಯಿತು. ಕೈಬರಹದ ಪಹಣಿ ಕೊನೆಗೊಂಡಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟುಪಾಡನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. ಆಗಿನ ನಿಯಮದಂತೆ ಬದಲಾವಣೆಗೆ ಮೊದಲು ಆಕ್ಷೇಪಣೆಗೆ 30 ದಿನಗಳ ನೋಟಿಸು ಕೊಡಬೇಕಿತ್ತು.

ಇಂಥ ನಿಯಮವಿರುವ ತಂತ್ರಾಂಶವನ್ನು ಪರೀಕ್ಷಿಸುವವರ ಕಷ್ಟವನ್ನು ಊಹಿಸಿ. 29ನೇ ದಿನ ಅದು ಬದಲಾವಣೆಗೆ ಒಪ್ಪಬಾರದು. ಅವಧಿ ಮುಗಿದ ಮೇಲೆ ಒಪ್ಪಬೇಕು. ಒಂದು ದಿನದ ಎಣಿಕೆ ತಪ್ಪಿದರೂ ಆಕ್ಷೇಪಣೆ ಹಿಡಿದು ಬಸ್ಸಿಳಿದು ಬಂದ ಅಣ್ಣನೋ ತಂಗಿಯೋ ತನ್ನ ಪಾಲನ್ನು ಕಳೆದುಕೊಳ್ಳಬಹುದು. ಪ್ರತಿ ಪರೀಕ್ಷೆಗೂ ತಿಂಗಳುಗಟ್ಟಲೆ ಕಾಯಲಾಗದು. ಸುಳ್ಳು ಗಡಿಯಾರವನ್ನು 1,440 ಪಟ್ಟು ವೇಗವಾಗಿ ಓಡಿಸಿದರೆ 30 ದಿನಗಳು 30 ನಿಮಿಷದಲ್ಲಿ ಮುಗಿಯುತ್ತವೆ. ಲಿಬ್‌ಫೇಕ್‌ಟೈಮಿನಲ್ಲಿ ಗಡಿಯಾರದ ವೇಗವನ್ನು ಹೀಗೆ ಬದಲಿಸುವ ಅನುಕೂಲವೂ ಇದೆ. ಒಂದು ಎಚ್ಚರಿಕೆ: ಪ್ರೋಗ್ರಾಮ್ ಒಂದು ಗಣಕದಲ್ಲಿದ್ದು ತಾರೀಕನ್ನು ಇನ್ನೊಂದರಲ್ಲಿರುವ ದತ್ತಸಂಚಯದಿಂದ ಪಡೆಯುವುದಾದರೆ, ಸುಳ್ಳನ್ನು ಹೇಳಬೇಕಾದದ್ದು ಆ ಎರಡನೆಯದಕ್ಕೆ. ಅದೂ ಪರೀಕ್ಷೆಗೆಂದೇ ಇಟ್ಟ ಪ್ರತಿಯಾಗಿರಬೇಕು; ಜನರ ನಿಜವಾದ ದಾಖಲೆಯ ಹತ್ತಿರ ಈ ಆಟ ಸಲ್ಲದು.

ಈ ಉಪಾಯ ಎಲ್ಲಿ ಸೋಲುತ್ತದೆ?

2012ರ ಫೆಬ್ರವರಿ 29ರಂದು ಮೈಕ್ರೋಸಾಫ್ಟಿನ ‘ಅಜೂರ್’ ಸೇವೆ ಕುಸಿಯಿತು. ಒಂದು ಪ್ರಮಾಣಪತ್ರದ ಅವಧಿಯನ್ನು ನಿರ್ಧರಿಸಲು ಪ್ರೋಗ್ರಾಮ್ ಆ ದಿನದ ವರ್ಷಕ್ಕೆ ಸುಮ್ಮನೆ ಒಂದನ್ನು ಕೂಡಿಸಿತು. ಬಂದ ಉತ್ತರ 2013ರ ಫೆಬ್ರವರಿ 29. ಅಂಥ ದಿನವೇ ಇಲ್ಲ! ಇಂಥ ದೋಷವನ್ನು ಸುಳ್ಳು ಗಡಿಯಾರ ಮೊದಲೇ ಬಯಲು ಮಾಡಬಲ್ಲದು.

ಆದರೆ 2008ರ ಡಿಸೆಂಬರ್ 31ರಂದು ಅದೇ ಸಂಸ್ಥೆಯ ‘ಜೂನ್’ ಎಂಬ ಸಂಗೀತ ಸಾಧನದ 30 ಗಿಗಾಬೈಟ್ ಮಾದರಿಗಳು ಒಟ್ಟಿಗೇ ಸ್ತಬ್ಧವಾದ ಕಥೆ ಬೇರೆ. ಅಧಿಕ ವರ್ಷದ 366ನೇ ದಿನವನ್ನು ಎದುರಿಸಲಾಗದೆ ಸಾಧನ ಒಂದೇ ಲೆಕ್ಕದಲ್ಲಿ ಸುತ್ತುತ್ತ ಉಳಿಯಿತು. ದೋಷವಿದ್ದದ್ದು ಗಡಿಯಾರದ ಚಿಪ್ಪನ್ನು ಓದುವ ಕೆಳಪದರದಲ್ಲಿ. ಮೇಲಿನ ಲೈಬ್ರರಿಯಲ್ಲಿ ನಿಂತು ಹೇಳುವ ಸುಳ್ಳು ಅಲ್ಲಿಗೆ ಮುಟ್ಟುವುದೇ ಇಲ್ಲ. ಲೈಬ್ರರಿಯನ್ನು ತನ್ನೊಳಗೇ ಸೇರಿಸಿಕೊಂಡ ಪ್ರೋಗ್ರಾಮ್‌ಗಳಿಗೂ, ತಿರುಳನ್ನು ನೇರವಾಗಿ ಕೇಳುವವಕ್ಕೂ ಇದು ಸಾಗದು. ಹೆಚ್ಚಿನ ಅಧಿಕಾರದಿಂದ ನಡೆಯುವ ಪ್ರೋಗ್ರಾಮ್‌ಗಳಲ್ಲಿ ಭದ್ರತೆಗಾಗಿ ಲೋಡರ್ ಇಂಥ ಸೂಚನೆಯನ್ನು ಕಡೆಗಣಿಸುತ್ತದೆ.

ಲಿನಕ್ಸಿನ ತಿರುಳಿನಲ್ಲೇ 2020ರ ಮಾರ್ಚಿನ 5.6ನೇ ಆವೃತ್ತಿಯಿಂದ ‘ಕಾಲದ ನೇಮ್‌ಸ್ಪೇಸ್’ ಎಂಬ ಸೌಲಭ್ಯ ಬಂದಿತು. ಆದರೆ ಅದು ‘ಗಣಕ ಚಾಲೂ ಆಗಿ ಎಷ್ಟು ಹೊತ್ತಾಯಿತು’ ಎಂಬಂಥ ಗಡಿಯಾರಗಳನ್ನು ಮಾತ್ರ ಬೇರ್ಪಡಿಸುತ್ತದೆ. ದಿನ, ತಾರೀಕು ಹೇಳುವ ಗಡಿಯಾರ ಅಲ್ಲಿ ಇಂದಿಗೂ ಎಲ್ಲರಿಗೂ ಒಂದೇ. ಇದಕ್ಕಿಂತ ಒಳ್ಳೆಯ ಅಭ್ಯಾಸವೆಂದರೆ ಪ್ರೋಗ್ರಾಮ್ ಬರೆಯುವಾಗಲೇ ಗಡಿಯಾರವನ್ನು ಹೊರಗಿನಿಂದ ಕೊಡುವ ವಸ್ತುವನ್ನಾಗಿ ಮಾಡುವುದು. 2014ರಲ್ಲಿ ಬಂದ ಜಾವಾ 8ರಲ್ಲಿ ಇದಕ್ಕೆಂದೇ ‘ಕ್ಲಾಕ್’ ಇದೆ. ಪರೀಕ್ಷೆಯಲ್ಲಿ ನಿಂತ ಗಡಿಯಾರವನ್ನು ಕೊಡಿ, ಬಳಕೆಯಲ್ಲಿ ನಡೆಯುವುದನ್ನು ಕೊಡಿ.

ಕೊನೆಯದಾಗಿ ಒಂದು ಮಿತಿಯನ್ನು ಯಾವ ತಂತ್ರವೂ ದಾಟದು. ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. ಮುಂದಿನ ಮೇಳಗಳ ವರ್ಷ ಹೇಳುವ ಪ್ರೋಗ್ರಾಮನ್ನು 2019ರಲ್ಲಿ ಪರೀಕ್ಷಿಸಿದ್ದರೆ ಅದು 2022 ಎಂದು ಸರಿಯಾಗಿಯೇ ಹೇಳುತ್ತಿತ್ತು. ಆದರೆ ಕೋವಿಡ್‌ನಿಂದಾಗಿ ಆ ವರ್ಷ ಮೇಳ ನಡೆಯಲಿಲ್ಲ. ಮತ್ತೆ ನಡೆದದ್ದು 2025ರ ಫೆಬ್ರವರಿಯಲ್ಲಿ. ಗಡಿಯಾರವನ್ನು ಮುಂದಕ್ಕೆ ತಳ್ಳಬಹುದು, ಜಗತ್ತನ್ನು ತಳ್ಳಲಾಗದು.

ಮುಂದಿರುವ ದಿನ

32 ಬಿಟ್‌ಗಳಲ್ಲಿ ಸೆಕೆಂಡುಗಳನ್ನು ಎಣಿಸುವ ವ್ಯವಸ್ಥೆಗೆ 2,147,483,647 ಕೊನೆಯ ಸಂಖ್ಯೆ. ಅದು ತುಂಬುವುದು 2038ರ ಜನವರಿ 19ರಂದು, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಎಣಿಕೆ ಋಣ ಸಂಖ್ಯೆಯಾಗಿ ತಾರೀಕು 1901ರ ಡಿಸೆಂಬರಿಗೆ ಜಿಗಿಯುತ್ತದೆ. 64 ಬಿಟ್ ಗಣಕಗಳಿಗೆ ಈ ತೊಂದರೆ ಇಲ್ಲ. ಆದರೆ ಹಳೆಯ ಪ್ರೋಗ್ರಾಮ್‌ಗಳು, ಕಡತಗಳ ಹಳೆಯ ನಮೂನೆಗಳು, ಯಂತ್ರಗಳೊಳಗೆ ಹುದುಗಿರುವ ಪುಟ್ಟ ಗಣಕಗಳು ಇನ್ನೂ ಇವೆ. 2038 ದೂರವಿದೆ ಎನ್ನಬೇಡಿ. ಇಂದು ನಲವತ್ತರ ವಯಸ್ಸಿನ ಅಧ್ಯಾಪಕರು ನಿವೃತ್ತರಾಗುವುದು ಅದರ ನಂತರವೇ. ಅವರ ಪಿಂಚಣಿ ಲೆಕ್ಕ ಆ ಗೆರೆಯನ್ನು ಈಗಾಗಲೇ ದಾಟುತ್ತಿದೆ.

ನೀವೇ ಮಾಡಿ ನೋಡಿ. ಲಿನಕ್ಸ್ ಇರುವ ಗಣಕದಲ್ಲಿ ‘ಫೇಕ್‌ಟೈಮ್’ ಅಳವಡಿಸಿ. ಆದೇಶದ ಸಾಲಿನಲ್ಲಿ ಅದರ ಹೆಸರು, ಉದ್ಧರಣ ಚಿಹ್ನೆಗಳ ಒಳಗೆ 2038-01-19 08:44:00, ಅದರ ಮುಂದೆ ತಾರೀಕು ತೋರಿಸುವ ಪ್ರೋಗ್ರಾಮಿನ ಹೆಸರನ್ನು ಬರೆಯಿರಿ. ಪಕ್ಕದ ಕಿಟಕಿಯಲ್ಲಿ ಅದೇ ಪ್ರೋಗ್ರಾಮನ್ನು ಸುಮ್ಮನೆ ನಡೆಸಿ. ಒಂದೇ ಗಣಕ, ಎರಡು ಕಾಲ! ಆಮೇಲೆ ಸಮಯವನ್ನು 32 ಬಿಟ್‌ಗಳಲ್ಲಿ ಇಟ್ಟುಕೊಳ್ಳುವ ಪುಟ್ಟ ಪ್ರೋಗ್ರಾಮ್ ಬರೆದು, ಎಂಟು ಸೆಕೆಂಡು ಮುಂದಿನ ಸಮಯವನ್ನು ಕೊಟ್ಟು ನೋಡಿ.

ಭಾರತದ ಕಾಲವಲಯದ ಕೋಷ್ಟಕವಿರುವ ಗಣಕವಾದರೆ ಅದು ತೋರಿಸುವುದು 1901ರ ಡಿಸೆಂಬರ್ 14, ನಸುಕಿನ 2 ಗಂಟೆ 7 ನಿಮಿಷ 2 ಸೆಕೆಂಡು. ಗ್ರೀನಿಚ್ ಕಾಲಕ್ಕೆ ಐದೂವರೆ ಗಂಟೆ ಕೂಡಿಸಿದರೆ ಇದು ಬರುವುದಿಲ್ಲ. 5 ಗಂಟೆ 21 ನಿಮಿಷ 10 ಸೆಕೆಂಡು ಕೂಡಿಸಿದರೆ ಬರುತ್ತದೆ. ಏಕೆಂದರೆ 1901ರಲ್ಲಿ ಪ್ರಮಾಣಿತ ಕಾಲ ಇನ್ನೂ ಹುಟ್ಟಿರಲಿಲ್ಲ ಎಂಬುದು ಆ ಕೋಷ್ಟಕಕ್ಕೆ ಗೊತ್ತು. ಅಂದು ನಂಜನಗೂಡಿಗೆ ಬರುತ್ತಿದ್ದ ರೈಲು ಅನುಸರಿಸುತ್ತಿದ್ದ ಮದ್ರಾಸಿನ ಕಾಲವೇ ಪರದೆಯ ಮೇಲೆ ಬಂದು ನಿಂತಿರುತ್ತದೆ.